ಮುಚ್ಚಳ ತೆಗೆದ ಬಾಟಲಿ

"ಏನ ಆದ್ರೂ ಮುಚ್ಚಳಾ ಮಾತ್ರ ತಗೀಬ್ಯಾಡ್ರಿ ಕಾಕಾ," ಎನ್ನುತ್ತ ಜರೀನಾಬಿ ಗಾಜಿನ ಬಾಟಲಿಯನ್ನು ಉಡಚಪ್ಪನ ಅಂಗೈಗಿಟ್ಟಳು. "ಹೊರಗಿನ ಗಾಳಿ ಹೊಕ್ಕರ ಬೂಸರ ಹಿಡಿತೈತಿ. ಹಿಡೀತಂದ್ರ ಮುಗೀತು."

ಬಾಟಲಿಯ ತಳದಲ್ಲಿ ಹೆಪ್ಪುಗಟ್ಟಿದ ಗಂಜಿಯಂಥದ್ದು. ಅದರ ಮೇಲೆ ಬೆರಳುದ್ದದ ಬಟಾಟಿ ಸಸಿಗಳು. ಧಾರವಾಡದ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅವನ ಮಗಳು ಭಾಗ್ಯಾ ಸಾಯುವ ಮುಂಚೆ ಕತ್ತರಿಸಿಟ್ಟ ಕೊನೆಯ ಸಸಿಗಳು. ಅವಳು ಹೋದ ಮೇಲೆ ಪ್ರಯೋಗ ನಿಂತು, ಉಳಿದ ಬಾಟಲಿಗಳನ್ನೆಲ್ಲ ಕುದಿಸಿ ಚೆಲ್ಲಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಜರೀನಾಬಿ ಇದೊಂದನ್ನು ಬೇಡಿ ಉಳಿಸಿಕೊಂಡಿದ್ದಳು.

"ಆಕಿ ಚಿಗುರೊಡಿಯೂ ಔಷಧ ಅಷ್ಟ ಹಾಕ್ಯಾಳ್ರಿ, ಬೇರ ಇನ್ನೂ ಬಂದಿಲ್ಲ. ಬೇರಿನ ಔಷಧ ಬ್ಯಾರೇನ ಐತಿ. ರವಿವಾರ ಅದನ್ನ ತಯಾರ ಮಾಡ್ಕೊಂಡ ಬರ್ತೀನಿ. ಬೇರ ಬಿಟ್ಟಮ್ಯಾಲ ನಿಮ್ಮ ಹಿತ್ತಲದಾಗ ಹಚ್ಚೂಣು."

ಮಿಶ್ರಿಕೋಟಿಯ ಅವರ ಹೊಲದಲ್ಲಿ ಬಟಾಟಿಗೆ ವರ್ಷವರ್ಷವೂ ಎಲೆಮುರುಟು ರೋಗ. 'ಅಪ್ಪಾ, ರೋಗ ಇಲ್ಲದ ಬೀಜ ನಾನ ಮಾಡಿ ಕೊಡ್ತೀನಿ, ನೋಡೀಯಂತ' ಎನ್ನುತ್ತಿದ್ದಳು ಭಾಗ್ಯಾ. ಬಾಟಲಿ ಬಂದ ದಿನವೇ ಉಡಚಪ್ಪ ಹಿತ್ತಲಲ್ಲಿ ಮಡಿ ಕಟ್ಟಿ, ಹೆಂಟೆ ಒಡೆದು ಮಣ್ಣು ಹದಮಾಡಿದ.

ಬಾಟಲಿಯನ್ನು ಹೆಂಡತಿ ರೇಣುಕವ್ವ ಕಿಟಕಿಯಲ್ಲಿಟ್ಟಳು. ಬೆಳಗಾದರೆ ಗಾಜಿನ ಒಳಮೈಗೆಲ್ಲ ಹನಿ. ಎಲೆಗಳು ಗಾಜಿಗೆ ಅಂಟಿಕೊಂಡಿರುತ್ತಿದ್ದವು. ದವಾಖಾನೆಯಲ್ಲಿ ಮಗಳ ಮೂಗು ಬಾಯಿಗೆ ಕಟ್ಟಿದ ಮಾಸ್ಕಿನೊಳಗೂ ಹೀಗೇ ಹನಿ ಕಟ್ಟಿತ್ತು. "ತಗೀಬೇ ಯವ್ವಾ, ಉಸರ ಆಡವಲ್ದು," ಎಂದು ಅವಳು ಅದನ್ನು ಕೀಳಹೋದಾಗ, ನರ್ಸ್ ಬೈದಾಳೆಂದು ರೇಣುಕವ್ವ ಅವಳ ಎರಡೂ ಕೈ ಹಿಡಿದು ಕೂತಿದ್ದಳು. ಕೊನೆಯವರೆಗೂ ಹಿಡಿದೇ ಇದ್ದಳು.

ಅಲ್ಲ, ಬಾಟಲಿಯೊಳಗಿನ ಸಸಿಗೆ ಉಸಿರು ಕಟ್ಟುತ್ತದೆಂದು ಆಕೆಗೆ ಯಾರು ಹೇಳಿದ್ದರು? ಯಾರೂ ಹೇಳಬೇಕಿರಲಿಲ್ಲ. ಗಂಡ ಹೊಲಕ್ಕೆ ಹೋದೊಡನೆ ಮುಚ್ಚಳ ತಿರುವಿದಳು. "ಸಾವಕಾಶ ಉಸರಾಡು ನನ್ನವ್ವಾ," ಎಂದಳು. ಸಂಜೆ ಮತ್ತೆ ಮುಚ್ಚಿದಳು. ಮರುದಿನವೂ ಅಷ್ಟೇ.

ಶನಿವಾರ ಉಡಚಪ್ಪನ ಕಣ್ಣಿಗೆ ಬಿತ್ತು. ಸಸಿಗಳ ಬುಡಕ್ಕೆಲ್ಲ ಅರಳೆಯಂಥ ಬಿಳಿ ಬೂಸರು. "ಯಾರ ತಗದ್ರಿದನ್ನ?" ಎಂದು ಒದರಿದ.

"ನಾನರೀ," ಎಂದಳು ರೇಣುಕವ್ವ, ಒಲೆಯ ಮುಂದಿನಿಂದಲೇ. "ದಿನಾ ಒಂದೀಟ ಗಾಳಿ ಬಿಡ್ತೀನಿ. ಪಾಪ, ಈಗ ಹಗರಾಗೈತಿ ಅದಕ." ಮಗಳು ಹೋದಾಗಿನಿಂದ ಇಲ್ಲದ ನಿರಾಳ ಆ ದನಿಯಲ್ಲಿತ್ತು. ಉಡಚಪ್ಪ ಬಾಟಲಿಯನ್ನು ಮತ್ತೆ ಕಿಟಕಿಯಲ್ಲೇ ಇಟ್ಟ. ಗೋಡೆಗೊರಗಿ ಕೂತ.

ರವಿವಾರ ಜರೀನಾಬಿ ಬೇರಿನ ಔಷಧ ಹಾಕಿದ ಹೊಸ ಬಾಟಲಿ ತಂದಳು. ರೇಣುಕವ್ವ ತಾನೇ ಕಿಟಕಿಯಿಂದ ಹಳೆಯದನ್ನಿಳಿಸಿ ತೋರಿಸಿದಳು.

"ಚಲೋ ಉಸರಾಡಾಕತ್ತೈತಿ, ಅಲ್ಲೇನ ತಂಗಿ?"

ಜರೀನಾಬಿ ಬೂಸರು ನೋಡಿದಳು, ಉಡಚಪ್ಪನನ್ನು ನೋಡಿದಳು. ಅವನು ಮೆಲ್ಲಗೆ ತಲೆಯಾಡಿಸಿ, ಹೇಳಬೇಡವೆಂದ.

"ಹೌದ್ರಿ ಅವ್ವಾ," ಎಂದಳು ಜರೀನಾಬಿ. "ಅಗದಿ ಚಲೋ ಆಡಾಕತ್ತೈತಿ." ಹೊಸ ಬಾಟಲಿಯನ್ನು ಚೀಲದಲ್ಲಿ ಕೆಳಗೆ ಒತ್ತಿದಳು.

ಉಡಚಪ್ಪ ಎದ್ದು ಹಿತ್ತಲಿಗೆ ನಡೆದ. ಇನ್ನೂ ಏನೂ ನೆಡದ ಮಡಿಗೆ, ದಿನದಂತೆ, ತಂಬಿಗೆಯಿಂದ ನೀರು ಚಿಮುಕಿಸಿದ.