ಬಸುರಿ ಹುಳದ ಕುಣಿತ

ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವನ್ನು ಕೊಲ್ಲುವ ಪುಟ್ಟ ಕಣಜದ ಪಾತ್ರ ಮೇಘಶ್ರೀಯದು. ಮಾತಿಲ್ಲದ ಪಾತ್ರವೆಂದೇ ಒಪ್ಪಿಕೊಂಡಿದ್ದಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ನಾಲಿಗೆ ಒಣಗುತ್ತಿತ್ತು; ಕಾಲಿಗೆ ಮಾತ್ರ ಆ ನಾಚಿಕೆ ಇರಲಿಲ್ಲ.

ತೋಟಗಾರಿಕೆ ಇಲಾಖೆಯ ಹೇಮಲತಾ ಮೇಡಂ ಊರೂರಿಗೆ ತಂಡ ಕರೆದೊಯ್ದು ಕುಣಿಸಿ ಹೇಳುತ್ತಿದ್ದರು: ಪೆಟ್ಟಿಗೆಯಲ್ಲಿ ಕೊಡುವ ಕಣಜವನ್ನು ಮರಕ್ಕೆ ಬಿಡಿ, ಔಷಧಿ ಹೊಡೆಯಬೇಡಿ, ಹೊಡೆದರೆ ಕಣಜವೂ ಸಾಯುತ್ತದೆ. ಬೇರೆ ಊರಾಗಿದ್ದರೆ ಮೇಘಶ್ರೀ ಕುಣಿದು ಸುಮ್ಮನೆ ಬಸ್ಸು ಹತ್ತುತ್ತಿದ್ದಳು. ಈವತ್ತು ಮಾಲೇಕಲ್ಲಿನಾಚೆಯ ಅವಳದೇ ಊರು, ಹಾಲಿನ ಡೈರಿಯ ಮುಂದೆ. ಅವ್ವ ಕಮಲಾಕ್ಷಮ್ಮನ ಇಪ್ಪತ್ತು ಮರಕ್ಕೆ ಮೊನ್ನೆಯಷ್ಟೇ ಕಣಜ ಬಿಟ್ಟಿದ್ದರು. ಪಕ್ಕದ ಮುನ್ನೂರು ಮರ ಸಿದ್ದಬಸಪ್ಪನವರದು. ಬರುವ ಸೋಮವಾರಕ್ಕೆ ಅವರು ಔಷಧಿ ಹೊಡೆಯುವ ಪಂಪಿನವರಿಗೆ ಹೇಳಿದ್ದರು. ಔಷಧಿ ಹೊತ್ತು ಬರುವ ಗಾಳಿಗೆ ಯಾವ ಬೇಲಿ?

ಕುಣಿತ ಮುಗಿಯಿತು. ಮೇಡಂ ಮೈಕ್ ಹಿಡಿದು, "ಇದು ಪರೋಪಜೀವಿ..." ಎಂದರು.

"ಕಂಡೋರ ಮನೇಲಿ ಕೂತು ತಿನ್ನೋ ಪರೋಪಜೀವಿಗಳು ನಮ್ಮೂರಲ್ಲೇ ಬೇಕಾದಷ್ಟವ್ರೆ ಮೇಡಂ," ಎಂದರು ಸಿದ್ದಬಸಪ್ಪ. "ಪೆಟ್ಟಿಗೇಲಿ ಬೇರೆ ತಂದು ಬಿಡ್ತೀರಾ?"

ಡೈರಿಯ ಜಗಲಿಯೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ. "ಹೋಗ್ಲಿ, ಹುಳ ಖಾಲಿ ಆದ್ಮೇಲೆ ಅದೇನ್ ತಿಂತೈತೆ? ನನ್ನ ಗರಿನೇ ತಾನೇ?"

ಮೇಡಂ ವಿವರಿಸಿದರು. ದೊಡ್ಡ ದೊಡ್ಡ ಪದಗಳು. ಜನ ಎದ್ದು ಪಂಚೆ ಕೊಡವಿಕೊಳ್ಳತೊಡಗಿದರು.

ಆ ಪ್ರಶ್ನೆಯಲ್ಲಿ ಕುಹಕವಿಲ್ಲ, ಭಯವಿದೆ ಎಂದು ಮೇಘಶ್ರೀಗೆ ಕಂಡಿತು. ಉತ್ತರ ಅವಳಿಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ತಮಟೆಯ ದ್ಯಾವಯ್ಯನ ಕಡೆ ನೋಡಿ ಬೆರಳಲ್ಲಿ ಮೆಲ್ಲಗೆ ತಾಳ ತೋರಿಸಿದಳು. ತಮಟೆ ಸಣ್ಣಗೆ ಶುರುವಾಯಿತು.

ಈ ಸಲ ಅವಳು ಹಾರಲಿಲ್ಲ. ಒಂದು ಕೈ ಸೊಂಟಕ್ಕೆ, ಒಂದು ಕೈ ಹೊಟ್ಟೆಗೆ ಕೊಟ್ಟು, ಭಾರದ ಹೆಜ್ಜೆ ಇಟ್ಟಳು.

"ಅಯ್ಯೋ, ಬಸುರಿ ಕಣ್ರೇ ಅದು!" ಎಂದರು ಹಾಲಿನ ಕ್ಯಾನಿನ ಪಕ್ಕ ಕೂತಿದ್ದ ರುಕ್ಮಿಣಮ್ಮ.

ಕಟ್ಟಿದ್ದ ತೆಂಗಿನ ಗರಿಯ ಬಳಿ ಹೋಗಿ ಮೂಸಿ, ಮುಖ ತಿರುಗಿಸಿದಳು. ಎಳನೀರಿನ ಗೊನೆ ಮುಟ್ಟಿದಳು, ಬೇಡವೆಂದು ತಲೆಯಾಡಿಸಿದಳು. ಹುಳುವಿನ ಪಾತ್ರದ ನಯನಾ ಕೂತಲ್ಲೇ ಕೂತಿದ್ದಳು. ಅವಳನ್ನು ಕಂಡೊಡನೆ ಮೇಘಶ್ರೀ ಓಡಿ ಬಂದು ಬೆನ್ನ ಮೇಲೆ ಒಂದೊಂದೇ ಮೊಟ್ಟೆ ಇಟ್ಟಳು. ಬೆರಳುಗಳೇ ಮರಿಗಳಾಗಿ ಹುಳುವನ್ನು ತಿಂದವು. ನಯನಾ ಹೊರಳಿ ಸರಿದಳು. ಆಮೇಲೆ ಬೆರಳ ಮರಿಗಳೂ ಬಸುರಾದವು. ಗರಿಯಿಂದ ಗರಿಗೆ ಹುಡುಕಿದವು. ಹುಳುವಿಲ್ಲ. ಮೊಟ್ಟೆ ಇಡಲು ಜಾಗವಿಲ್ಲ. ಹಸಿರು ಗರಿ ತಲೆಯ ಮೇಲೇ ತೂಗುತ್ತಿದ್ದರೂ ಅದನ್ನು ಮುಟ್ಟದೆ ಮೇಘಶ್ರೀ ಮಣ್ಣಿನಲ್ಲಿ ಮುದುಡಿ ಮಲಗಿದಳು.

ತಮಟೆ ನಿಂತಿತು. ಪಂಚೆ ಕೊಡವಿ ಎದ್ದವರು ಮತ್ತೆ ಕೂತಿದ್ದರು.

"ಹುಳ ಇಲ್ದೆ ಅದ್ರ ವಂಶನೇ ನಿಂತೋಗ್ತೈತೆ ಅನ್ನು," ಎಂದರು ಸಿದ್ದಬಸಪ್ಪ, ತಮಗೆ ತಾವೇ. "ಗರಿ ಮುಟ್ಟಕ್ಕಿಲ್ಲ."

"ಬಸುರಿ ಮ್ಯಾಲೆ ಔಷಧಿ ಹೊಡೀತೀರಾ ಗೌಡ್ರೇ?" ಎಂದರು ರುಕ್ಮಿಣಮ್ಮ.

"ಸುಮ್ನಿರಮ್ಮ ನೀನು, ಗೊತ್ತಾತು." ಅವರು ಜೇಬಿನಿಂದ ಫೋನ್ ತೆಗೆದು ತೋಳುದ್ದ ದೂರ ಹಿಡಿದು ನಂಬರ್ ಹುಡುಕಿದರು. "ಏನ್ಲಾ, ಸೋಮವಾರ ಪಂಪ್ ತರಬ್ಯಾಡ... ಯಾಕಾ? ತ್ವಾಟದಾಗೆ ಬಸುರಿ ಅವ್ಳೆ ಕಣ್ಲಾ!"

ಆಮೇಲೆ ಇನ್ನೂ ಮಣ್ಣಲ್ಲೇ ಇದ್ದ ಮೇಘಶ್ರೀಯ ಕಡೆ ತಿರುಗಿದರು.

"ಸತ್ತಿದ್ದು ಸಾಕು, ಏಳವ್ವ. ಮರಕ್ಕೆ ಎಷ್ಟು ಬಿಡಬೇಕು, ಅದನ್ನೇಳು."

ಅವಳು ಎದ್ದು ಕೂತಳು. ಸೀರೆಯ ಮಣ್ಣು ಕೊಡವಿದಳು. ನಾಲಿಗೆ ಒಣಗಿತ್ತು; ಆದರೂ ಹೇಳಿದಳು.