ಪರದೆಯ ಮೇಲಿನ ಕೆಂಪು ಚುಕ್ಕಿ

ನಮ್ಮ ಪಿಎಚ್‌ಡಿ ಸೆಮಿನಾರಿಗೆ ನಿಯಮ ಮಾಡಿದವರ ಎದೆ ಕಲ್ಲೇ ಇರಬೇಕು. ಪ್ರತಿ ಶುಕ್ರವಾರ ಒಬ್ಬರು, ಯಾರೋ ಬರೆದ ಸಂಶೋಧನಾ ಪ್ರಬಂಧವನ್ನು ತಮ್ಮದೇ ಎಂಬಂತೆ ಮಂಡಿಸಬೇಕು. ಇನ್ನೊಬ್ಬರು ಎದುರಾಳಿಯಾಗಿ ಅದನ್ನು ಹರಿದು ಹಾಕಬೇಕು. ಎದುರಾಳಿ ಮೂರು ಪ್ರಶ್ನೆಯಾದರೂ ಕೇಳದಿದ್ದರೆ ಮುಂದಿನ ವಾರ ಮಂಡಿಸುವ ಶಿಕ್ಷೆ ಅವರಿಗೇ.

ಕಳೆದ ಸೆಮಿಸ್ಟರಿನಲ್ಲಿ ನಾನು ಎದ್ದು ನಿಂತು, ಬಾಯಿ ಬಾರದೆ, ಹಾಗೇ ಕೂತವಳು. ಈ ಸಲವೂ ಫೇಲಾದರೆ ಸಂಜಯನಗರದ ಪಿಜಿ ಖಾಲಿ ಮಾಡಿ ಬಾಗಲಕೋಟೆ ಬಸ್ಸು ಹತ್ತುವುದೇ. ಅಂಥದ್ದರಲ್ಲಿ ನನಗೆ ಗಂಟುಬಿದ್ದ ಎದುರಾಳಿ ಸತೀಶ. ಹುಣಸಮಾರನಹಳ್ಳಿಯ ಬಿಲ್ಡರ್ ಮಗ, ನಾಲಿಗೆಯೋ ಚೂರಿ. ನಾವೆಲ್ಲ ಲೇಸರ್ ಪಾಯಿಂಟರ್ ಹಿಡಿದರೆ ಇವನು ಮರದ ಸ್ಕೇಲನ್ನು ಪರದೆಗೆ ಒತ್ತಿ ಹಿಡಿದು ಪಾಠ ಹೇಳುತ್ತಿದ್ದ, ಪ್ರೈಮರಿ ಸ್ಕೂಲಿನ ಮೇಷ್ಟ್ರ ಹಾಗೆ. ಎಂಥ ಗರ್ವ ಎಂದು ನನಗೆ ಮೈ ಉರಿಯುತ್ತಿತ್ತು.

"ನಿನ್ ಪೇಪರ್‌ನಲ್ಲಿ ಒಂದು ತೂತಿದೆ ಕಣೇ. ನಾಳೆ ನೋಡ್ಕೋತೀನಿ," ಎಂದು ಗುರುವಾರ ಕ್ಯಾಂಟೀನಿನಲ್ಲಿ ಹೇಳಿದ್ದ. ಚಿತ್ರಾನ್ನ ಅರ್ಧಕ್ಕೇ ಬಿಟ್ಟು ಪೇಪರನ್ನು ಮತ್ತೆ ಮೊದಲಿಂದ ಓದಲು ಓಡಿದೆ.

ನನ್ನ ವಿಷಯ ಕೆಂಪು ರಕ್ತಕಣ. ಸೂಕ್ಷ್ಮದರ್ಶಕದಲ್ಲಿ ಅದರ ಅಂಚು ಸದಾ ನಡುಗುತ್ತಿರುತ್ತದೆ. ಕಣಕ್ಕೆ ಶಕ್ತಿ ಸಿಗದಂತೆ ಮಾಡಿದರೆ ನಡುಕ ಕಡಿಮೆಯಾಗುತ್ತದೆ, ಹಾಗಾಗಿ ಅದು ಬರೀ ಸುತ್ತಲಿನ ಬಿಸಿಯಿಂದ ಬಂದದ್ದಲ್ಲ ಎಂಬುದು ಪ್ರಬಂಧದ ವಾದ. ಶುಕ್ರವಾರ ಚಿತ್ರ ಹಾಕಿ ಪಾಯಿಂಟರ್ ಒತ್ತಿದೆ. ಕೆಂಪು ಚುಕ್ಕಿ ಪರದೆಯ ತುಂಬ ಕುಣಿಯತೊಡಗಿತು. ಯಲಹಂಕದ ತರಬೇತಿ ವಿಮಾನವೊಂದು ಹಾದುಹೋಗಿ ಸದ್ದಡಗಿದರೂ ನನ್ನಿಂದ ಒಂದು ಮಾತು ಹೊರಡಲಿಲ್ಲ. ಸೆಮಿನಾರ್ ನಡೆಸುವ ಶಾಂತಲಾ ಮೇಡಂ ಪೆನ್ನು ಕೈಗೆತ್ತಿಕೊಂಡರು.

ಆಗ ಸತೀಶ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಕೇಳಿದ. "ಪ್ರತಿಭಾ, ನಡುಗ್ತಿರೋದು ಕಣಾನೋ, ನಿನ್ ಕೈಯೋ?"

ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು.

"ಎರಡೂ ನಡಗಾಕತ್ತಾವ! ಅದಕ್ಕ ಮೊದಲ ನಮ್ಮ ನಡುಕ ಅಳದು ಕಳೀಬೇಕು!"

ಅಷ್ಟು ಅಂದ ಮೇಲೆ ನಿಲ್ಲಿಸುವುದು ಹೇಗೆ? ರಾಸಾಯನಿಕ ಹಾಕಿ ಬಿಗಿ ಮಾಡಿದ ಕಣ ಅಲುಗುವುದಿಲ್ಲ, ಅದರಲ್ಲೂ ಕಾಣುವ ನಡುಕ ಯಂತ್ರದ್ದು, ಅದನ್ನು ಕಳೆದು ಉಳಿದದ್ದೇ ಜೀವಂತ ಕಣದ್ದು ಎಂದು ಹೇಳುತ್ತ ಹೋದೆ. ಯಾವಾಗ ಇಂಗ್ಲಿಷಿಗೆ ಮರಳಿದೆನೋ ನೆನಪಿಲ್ಲ. ನಿಲ್ಲಿಸಿದಾಗ ಹೊತ್ತು ಮುಗಿದಿತ್ತು.

"ಪ್ರತಿಭಾ, ಪಾಸ್," ಎಂದರು ಮೇಡಂ. "ಒಂದೇ ಪ್ರಶ್ನೆನಾ, ಸತೀಶ್?"

"ಅಷ್ಟೇ ಮೇಡಂ."

"ಹಾಗಾದ್ರೆ ಮುಂದಿನ ವಾರ ನೀವೇ. ನಿಮ್ಮ ಎದುರಾಳಿ ಪ್ರತಿಭಾ."

ಹೊರಗೆ ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಅವನು ನನ್ನನ್ನು ಎತ್ತಿ ನಿಲ್ಲಿಸಿದ್ದ ಎಂಬುದು ಆಗ ತಿಳಿಯಿತು.

"ಆ ತೂತಿನ ಪ್ರಶ್ನಿ ಯಾವುದಿತ್ತು?"

"ಶಕ್ತಿ ಕಿತ್ಕೊಂಡ್ರೆ ಕಣ ಪೆಡಸೂ ಆಗುತ್ತೆ. ನಡುಕ ಕಮ್ಮಿಯಾಗಿದ್ದು ಅದಕ್ಕೇ ಇರ್ಬೋದಲ್ವಾ? ಇದನ್ನ ಕೇಳಿದ್ರೆ ನೀನು ಹೆಬ್ಬಾಳ ಫ್ಲೈಓವರ್ ಹತ್ತಿ ಓಡಿರ್ತಿದ್ದೆ."

"ಥ್ಯಾಂಕ್ಸ್ ಸತೀಶ."

"ಥ್ಯಾಂಕ್ಸ್ ಗೀಂಕ್ಸ್ ಬೇಡ ಕಣೇ," ಎಂದು ಬೈಕಿಗೆ ಕಿಕ್ ಹೊಡೆದು ಹೋದ.

ಮುಂದಿನ ಶುಕ್ರವಾರ ಅವನೂ ರಕ್ತಕಣದ್ದೇ ಇನ್ನೊಂದು ಪ್ರಬಂಧ ತಂದ. ಎದುರಾಳಿಯಾದ್ದರಿಂದ ನನ್ನ ಕುರ್ಚಿ ಪರದೆಯ ಪಕ್ಕದಲ್ಲೇ. ಸ್ಕೇಲನ್ನು ಎಂದಿನಂತೆ ಒತ್ತಿ ಹಿಡಿದಿದ್ದ. ಒತ್ತಿದ ಕಡೆ ಪರದೆ ಸಣ್ಣಗೆ ಅದುರುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತು ಗರ್ವ ಎಂದುಕೊಂಡಿದ್ದೆನಲ್ಲ! ಪಾಯಿಂಟರ್ ಹಿಡಿದಿದ್ದರೆ ಅವನ ಚುಕ್ಕಿಯೂ ಕುಣಿಯುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

ಅವನ ಮಾತು ತಡವರಿಸಿತು. ನಾನು ಕೈ ಎತ್ತಿ, ಕಣ ಪೆಡಸಾಗುವ ಅವನದೇ ಪ್ರಶ್ನೆಯನ್ನು ಅವನಿಗೇ ಕೇಳಿದೆ. ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಸ್ಕೇಲನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಬೀಸುತ್ತ ಮಾತಾಡತೊಡಗಿದ.

ಇನ್ನೆರಡು ಪ್ರಶ್ನೆ ನನ್ನ ಬಳಿ ಇದ್ದವು, ಬಲು ಖಾರದವು.

"ಒಂದೇ ಪ್ರಶ್ನೆನಾ, ಪ್ರತಿಭಾ?" ಎಂದರು ಮೇಡಂ. "ಮುಂದಿನ ವಾರ ಮತ್ತೆ ನೀವೇ ನಿಲ್ಬೇಕಾಗುತ್ತೆ."

"ಒಂದ ರೀ ಮೇಡಂ," ಎಂದೆ.