ಐವತ್ತನೇ ನಂಬರು ನನ್ನದಾಗಿತ್ತು

ನಾನು ಒಂದು ನೆಟ್‌ವರ್ಕ್ ಕಾರ್ಡು. ಮುಟ್ಟಲು ಕೈ ಚಾಚಬೇಡಿ, ಸಿಗುವುದಿಲ್ಲ. ನನಗೆ ತಗಡಿಲ್ಲ, ತಂತಿಯಿಲ್ಲ, ತೂಕವಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯೊಂದರ ಆಫೀಸಿನಲ್ಲಿ, ಬೀರುವಿನ ಪಕ್ಕ, ಒಂದು ಕಪ್ಪು ಪೆಟ್ಟಿಗೆ ಗುಂಯ್‌ಗುಡುತ್ತಿದೆ. ಅದರೊಳಗೆ ಬರೀ ಸಾಫ್ಟ್‌ವೇರಿನಿಂದ ಕಟ್ಟಿದ ವಿಂಡೋಸ್ ಸರ್ವರ್ ಒಂದಿದೆ. ಆ ಇಲ್ಲದ ಸರ್ವರಿನ ಇಲ್ಲದ ಕಾರ್ಡು ನಾನು. ಇಲ್ಲದವನಿಗೂ ಸಿಟ್ಟು ಬರುತ್ತದೆ. ನನಗೆ ಬಂದದ್ದು ಇನ್ನೂ ಇಳಿದಿಲ್ಲ.

ನಾನು ಹುಟ್ಟಿದ್ದು ಐದು ವರ್ಷದ ಹಿಂದೆ, ಏಜೆನ್ಸಿಯವರ ಮೇಜಿನ ಮೇಲೆ. ಯಾರೋ 'ಕಾರ್ಡು ಸೇರಿಸು' ಎಂದು ಒತ್ತಿದರು, ಹುಟ್ಟಿದೆ. ಡ್ರೈವರ್ ಹಾಕಿದರು, ಬಾಯಿ ಬಂತು. ಡ್ರೈವರ್ ಅಂದರೆ ನನ್ನ ಮಾತನ್ನು ವಿಂಡೋಸಿಗೆ ತಿಳಿಸುವ ಪುಟ್ಟ ಪ್ರೋಗ್ರಾಂ. ಆಮೇಲೆ ನೆಟ್‌ವರ್ಕಿನಲ್ಲಿ ಬೇರೆ ಯಂತ್ರಗಳು ನನ್ನನ್ನು ಹುಡುಕಲು ಒಂದು ವಿಳಾಸ ಕೊಟ್ಟರು. ಅದರ ಕೊನೆಯ ಸಂಖ್ಯೆ ಐವತ್ತು. ನನ್ನ ಆಸ್ತಿ ಅಷ್ಟೇ.

ವ್ಯಾನಿನಲ್ಲಿ ಬಂದ ಪೆಟ್ಟಿಗೆ ಮಾರುಕಟ್ಟೆಯ ಆಪರೇಟರ್ ತ್ರಿವೇಣಿಯ ಕೈ ಸೇರಿತು. ಆ ವರ್ಷದ ಆಯುಧಪೂಜೆಯಲ್ಲಿ ಅವಳು ಫ್ಯಾನಿನ ಕಿಂಡಿ ಎಲ್ಲಿದೆ ಎಂದು ಮೊದಲು ಬಗ್ಗಿ ನೋಡಿ, ಕಿಂಡಿಗೆ ಉದುರದ ಕಡೆ ಒಂದೇ ಒಂದು ಬೊಟ್ಟು ಕುಂಕುಮ ಇಟ್ಟಳು. ನೋಡಿ ಕೆಲಸ ಮಾಡುವವಳು ಎಂದು ಆಗಲೇ ಗೊತ್ತಾಯಿತು.

ತಕ್ಕಡಿ ಗೂಡಿನ ತೂಕ ಕಳಿಸುತ್ತಿದ್ದದ್ದು ಐವತ್ತಕ್ಕೆ. ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಫೋನಿನಿಂದ ದರ ಹಾಕುತ್ತಿದ್ದದ್ದೂ ಐವತ್ತಕ್ಕೆ. ದರ ತೋರಿಸುವ ಗೋಡೆಯ ಬೋರ್ಡು ಕೇಳುತ್ತಿದ್ದದ್ದೂ ಐವತ್ತನ್ನೇ. ಎಲ್ಲವೂ ನನ್ನ ಮೂಲಕ. ಐದು ವರ್ಷದಲ್ಲಿ ನಾನು ಒಂದು ದಿನವೂ ಕೆಮ್ಮಲಿಲ್ಲ.

ಆಮೇಲೆ ಫಣೀಶ ಬಂದ. ಏಜೆನ್ಸಿಯ ಎಂಜಿನಿಯರು. ಮಾರುಕಟ್ಟೆಗೆ ಮೂರು ದಿನ ರಜೆ ಇತ್ತು, ಆಗ ಬರಲಿಲ್ಲ ಮಹಾನುಭಾವ! ಹರಾಜಿನ ದಿನ ಬೆಳಿಗ್ಗೆ ಒಂಬತ್ತೂವರೆಗೆ ಬಂದ.

"ಡ್ರೈವರ್ ಅಪ್‌ಗ್ರೇಡ್ ಮೇಡಂ. ಹಳೇದು ತೀರಾ ಸ್ಲೋ. ಹತ್ತೇ ನಿಮಿಷ."

"ಇವತ್ತೇ ಆಗ್ಬೇಕಾ ಸಾರ್? ಹತ್ತೂವರೆಗೆ ಹರಾಜು."

"ಏನಾಗಲ್ಲ ಬಿಡಿ ಮೇಡಂ."

ಸ್ಲೋ ಅಂತೆ! ಒಂದು ದರ ಅಂದರೆ ಮೂರು ಅಂಕಿ. ಮೂರು ಅಂಕಿ ಸಾಗಿಸಲು ವಿಮಾನ ಬೇಕೇ?

ಹೊಸ ಕಾರ್ಡು ಕೂರಿಸಿದ, ಹೊಸ ಡ್ರೈವರ್ ಹಾಕಿದ. ನನ್ನನ್ನು ಕಿತ್ತ, ಆದರೆ ವಿಂಡೋಸಿನ ಪಟ್ಟಿಯಿಂದ ನನ್ನ ಹೆಸರು ತೆಗೆಯಲಿಲ್ಲ. ಹೊಸದಕ್ಕೆ ಐವತ್ತು ಎಂದು ಟೈಪ್ ಮಾಡಿದಾಗ ವಿಂಡೋಸ್ ಮರ್ಯಾದೆಯಾಗಿಯೇ ಕೇಳಿತು: ಈ ವಿಳಾಸ ಈಗಾಗಲೇ ಇನ್ನೊಂದು ಕಾರ್ಡಿನ ಹೆಸರಿನಲ್ಲಿದೆ, ಆ ಕಾರ್ಡು ಈಗ ಕಾಣುತ್ತಿಲ್ಲ, ಅದರಿಂದ ವಿಳಾಸ ತೆಗೆಯಲೇ? ಫಣೀಶ 'ಈಗಾಗಲೇ' ತನಕ ಓದಿದ. 'ಬೇಡ' ಒತ್ತಿದ. ಐವತ್ತೊಂದು ಎಂದು ಹಾಕಿದ. ಕ್ರಿಕೆಟ್ ಸ್ಕೋರು ತೆರೆದು ನೋಡಿದ, ಬಂತು. "ಸೂಪರ್" ಎಂದು ಬೈಕ್ ಹತ್ತಿದ.

ಹತ್ತೂವರೆಗೆ ಎಲ್ಲರೂ ಐವತ್ತರ ಬಾಗಿಲು ಬಡಿದರು. ಬಾಗಿಲು ನನ್ನ ಹೆಸರಿನಲ್ಲಿ, ತೆರೆಯಲು ನನಗೆ ಕೈಯಿಲ್ಲ. ತಕ್ಕಡಿ ಮೂಕವಾಯಿತು. ಬೋರ್ಡು ಕಪ್ಪಾಯಿತು.

"ತ್ರಿವೇಣಮ್ಮ, ಫೋನಲ್ಲಿ ಚಕ್ರ ತಿರುಗ್ತಾನೇ ಐತೆ," ಎಂದರು ರೀಲರ್ ಇಮ್ತಿಯಾಜ್ ಸಾಬರು. "ಮೊದ್ಲಿನಂಗೆ ಬಾಯಲ್ಲೇ ಕೂಗ್ಬಿಡಾಣ."

"ಆಗಲ್ಲ ಸಾಬ್ರೆ. ತೂಕ ಕಂಪ್ಯೂಟರಿಗೆ ಹೋಗ್ದೆ ಗೂಡು ಗೇಟು ದಾಟೋ ಹಾಗಿಲ್ಲ."

ತ್ರಿವೇಣಿ ಫಣೀಶನಿಗೆ ಫೋನ್ ಮಾಡಿದಳು. "ಆಫ್ ಮಾಡಿ ಆನ್ ಮಾಡಿ ಮೇಡಂ," ಎಂದ. ಮೂರು ಸಲ ಮಾಡಿದಳು. ಮತ್ತೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ.

ಗೂಡು ಬೆಳೆದು ತಂದ ರೈತರ ಸಾಲಿನಲ್ಲಿ ಮೊದಲು ನಿಂತಿದ್ದವಳು ಮುನಿನಂಜಮ್ಮ. ರಜೆಯಿಂದಾಗಿ ಅವಳ ಗೂಡು ಮೊದಲೇ ತಡವಾಗಿತ್ತು. ಗೂಡಿನೊಳಗೆ ಜೀವ ಇರುತ್ತದೆ. ಅದು ಚಿಟ್ಟೆಯಾಗಿ ಕೊರೆದು ಹೊರಬಂದರೆ ಎಳೆ ತುಂಡಾಗಿ ಗೂಡು ಕಸವಾಗುತ್ತದೆ. ಒಂದು ತಿಂಗಳು ಹೊತ್ತುಹೊತ್ತಿಗೆ ಸೊಪ್ಪು ಹಾಕಿದ್ದೆಲ್ಲ ಅಲ್ಲಿಗೆ ಮುಗಿಯುತ್ತದೆ.

"ಏನವ್ವಾ, ಇನ್ನಾ ಎಷ್ಟೊತ್ತು? ಹುಳ ಹಣ್ಣಾಗಿ ಗೂಡು ಕಟ್ಟಿ ಹತ್ ದಿನ ಆತು. ಚಿಟ್ಟೆ ಬಂದ್ರೆ ನಿನ್ ಕಂಪ್ಯೂಟ್ರು ನೂಲ್ ತೆಗೀತೈತಾ?"

ಒಂದೂವರೆಗೆ ಅವಳು ಒಂದು ಗೂಡನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದಳು. ಒಳಗಿನ ಚಿಟ್ಟೆ ಕೊರೆಯತೊಡಗಿ ತುದಿ ಒದ್ದೆಯಾಗಿತ್ತು. "ನೋಡು," ಎಂದಳು.

ತ್ರಿವೇಣಿ ಎದ್ದುಹೋಗಿ ತಕ್ಕಡಿಯ ಮೇಲೆ ಅಂಟಿಸಿದ್ದ ವಿಳಾಸದ ಚೀಟಿ ನೋಡಿದಳು. ಐವತ್ತು. ಪರದೆ ನೋಡಿದಳು. ಐವತ್ತೊಂದು. ಕೂತು ಐವತ್ತು ಎಂದು ಟೈಪ್ ಮಾಡಿದಳು. ಅದೇ ಪ್ರಶ್ನೆ ಬಂತು.

"ಏನೋ ಕೇಳ್ತೈತೆ, ಬೇಡ ಅನ್ನಿ," ಎಂದರು ಸಾಬರು.

"ಸ್ವಲ್ಪ ಸುಮ್ನಿರಿ ಸಾಬ್ರೆ, ಪೂರ್ತಿ ಓದ್ತೀನಿ." ತುಟಿ ಅಲ್ಲಾಡಿಸುತ್ತಾ ಓದಿದಳು. "ಅಯ್ಯೋ, ವಿಳಾಸ ಹಳೇದರ ಹತ್ರಾನೇ ಇದೆ. ತೆಗೀಲಾ ಅಂತ ಕೇಳ್ತಿದೆ."

"ತೆಗೀ ತಾಯಿ!"

ಅವಳ ಬೆರಳು ಒಂದು ಗಳಿಗೆ ನಿಂತಿತು. "ಪಾಪ, ಐದ್ ವರ್ಷ ಒಂದಿನಾನೂ ಕೈ ಕೊಟ್ಟಿರ್ಲಿಲ್ಲ," ಎಂದಳು. 'ಸರಿ' ಒತ್ತಿದಳು.

ಐವತ್ತು ನನ್ನಿಂದ ಹೋಯಿತು. ತಕ್ಕಡಿ ಕೀಂ ಎಂದಿತು. ಮುನಿನಂಜಮ್ಮನ ಗೂಡು ಮೊದಲು ತೂಕವಾಯಿತು. ಅಷ್ಟರಲ್ಲಿ ಹನ್ನೊಂದು ಗೂಡು ತೂತಾಗಿದ್ದವು. ಸಾಬರು ಅವನ್ನು ಆರಿಸಿ ಬದಿಗಿಟ್ಟು ಉಳಿದದ್ದಕ್ಕೆ ದರ ಹಾಕಿದರು. ಮುನಿನಂಜಮ್ಮ ಒಪ್ಪಿದಳು.

ಸಂಜೆ ಫಣೀಶ ಬಂದು ಇದೇ ಯಂತ್ರದಲ್ಲಿ ವರದಿ ಟೈಪ್ ಮಾಡಿದ. ಏನೆಂದು ಗೊತ್ತೇ? 'ಹಳೆಯ ಡ್ರೈವರಿನ ದೋಷದಿಂದ ಹರಾಜು ತಡವಾಯಿತು. ಸರಿಪಡಿಸಲಾಗಿದೆ.' ನನ್ನ ದೋಷ! ಕಿತ್ತು ಎಸೆದವನೇ ಬರೆಯುತ್ತಾನೆ, ಎಸೆಸಿಕೊಂಡವನ ದೋಷವಂತೆ!

"ಪ್ರಿಂಟ್ ತೆಗೀತೀನಿ, ಒಂದು ಸೈನ್ ಹಾಕ್ಬಿಡಿ ಮೇಡಂ. ಸುಮ್ನೆ ಫಾರ್ಮಾಲಿಟಿ."

ತ್ರಿವೇಣಿ ಅದನ್ನೂ ಪೂರ್ತಿ ಓದಿದಳು. ಕೀಬೋರ್ಡು ಎಳೆದುಕೊಂಡು ಸಾಲು ಅಳಿಸಿ ತಾನೇ ಟೈಪ್ ಮಾಡಿದಳು: 'ಹಳೆಯದರಲ್ಲಿ ದೋಷವಿರಲಿಲ್ಲ. ಪ್ರಶ್ನೆಯನ್ನು ಪೂರ್ತಿ ಓದದೆ ಬೇಡ ಎಂದು ಒತ್ತಲಾಗಿದೆ.'

"ಮೇಡಂ, ಹಿಂಗ್ ಬರೆದ್ರೆ ನನ್ ಗತಿ?"

"ಹನ್ನೊಂದು ಗೂಡು ತೂತಾಗಿದಾವೆ. ಅದನ್ನೂ ಸೇರಿಸ್ಲಾ?"

ಅವನು ಪ್ರಿಂಟ್ ಒತ್ತಿದ. ಅವಸರದಲ್ಲಿ ಹೊರಟ. ನನ್ನ ಹೆಸರು ತೆಗೆಯುವುದನ್ನು ಮತ್ತೆ ಮರೆತ.

ಈಗ ನಾನು ಕಾಣದ ಪಟ್ಟಿಯಲ್ಲಿ, ಬೂದುಬಣ್ಣದಲ್ಲಿ ಇದ್ದೇನೆ. ವಿಳಾಸವಿಲ್ಲ, ಬಾಗಿಲು ಬಡಿಯುವವರಿಲ್ಲ. ಹೊಸದು ಚೆನ್ನಾಗಿಯೇ ಓಡುತ್ತಿದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೂ ಒಂದು ದಿನ ಒಬ್ಬ ಫಣೀಶ ಬರುತ್ತಾನೆ. ಆ ದಿನ ತ್ರಿವೇಣಿ ರಜೆ ಹಾಕದಿರಲಿ. ನನ್ನ ಬಗ್ಗೆ ಯಾರಾದರೂ ಬರೆದದ್ದು ಅವಳ ಆ ಒಂದು ಸಾಲು ಮಾತ್ರ. ಅದು ಈ ಯಂತ್ರದಲ್ಲೇ ಇದೆ. ಸಿಟ್ಟು ಹೆಚ್ಚಾದಾಗ ಓದಿಕೊಳ್ಳುತ್ತೇನೆ, ಪೂರ್ತಿಯಾಗಿ.